ಅಮ್ಮನವರ ಅರಸಿನ, ಸೊಸೈಟಿಯ ಕ್ರೀಮ್

ಕೆಲವರ ಮನೆಗೆ ನೆಂಟರು ಬರುತ್ತಾರೆ, ಕೆಲವರ ಮನೆಗೆ ಬೆಕ್ಕು ಬರುತ್ತದೆ. ನಮ್ಮ ಮನೆಗೆ ಬರುವುದು ಪ್ರಸಂಗಗಳು. ಕರೆಯದೆ ಬರುತ್ತವೆ, ಬಂದ ಮೇಲೆ ಬೀದಿಯವರನ್ನೆಲ್ಲ ಸೇರಿಸದೆ ಹೋಗುವುದಿಲ್ಲ. ದೇವರಿಗೂ ಆಗಾಗ ನಗಬೇಕು ಅನ್ನಿಸುತ್ತದಲ್ಲ, ಅದಕ್ಕೆಂದು ಅವನು ಅಲ್ಲಲ್ಲಿ ಒಂದೊಂದು ಮನೆ ಗೊತ್ತುಮಾಡಿ ಇಟ್ಟುಕೊಂಡಿದ್ದಾನೆ. ಮುಂಬಯಿಯ ದಹಿಸರದಲ್ಲಿ ಅವನು ಆರಿಸಿದ್ದು ನಮ್ಮದನ್ನು. ಕೊಟ್ಟವನು ಅವನು, ಬೇಡ ಅನ್ನಲು ನಾನು ಯಾರು? ಕೈಮುಗಿದು ಬರೆಯುತ್ತಿದ್ದೇನೆ.

ಹರಕೆ

ಹೋದ ವರ್ಷ ನಮ್ಮವರಿಗೆ ಹೃದಯದ ಆಪರೇಷನ್ ಆಯಿತು. ಫೋರ್ಟಿನ ಹೋಟೆಲೊಂದರ ಗಲ್ಲಾದಲ್ಲಿ ಕೂತು ಕೂತೇ ವಯಸ್ಸು ಕಳೆದ ಜೀವ. ಅವರನ್ನು ಗಾಲಿಯ ಮಂಚದಲ್ಲಿ ಒಳಗೆ ತಳ್ಳಿಕೊಂಡು ಹೋದಾಗ ನಾನು ಹೊರಗಿನ ಬೆಂಚಿನಲ್ಲಿ ಕಣ್ಣು ಮುಚ್ಚಿ ಊರಿನ ಅಮ್ಮನವರಿಗೆ ಹೇಳಿಕೊಂಡೆ: "ತಾಯೇ, ಇವರು ತಮ್ಮ ಕಾಲಲ್ಲಿ ನಡೆದು ಮನೆ ಸೇರಲಿ. ನಿನ್ನ ಮುಖಕ್ಕೆ ಹಚ್ಚುವ ಅರಸಿನವನ್ನು ನನ್ನ ಮನೆಗೇ ಹಚ್ಚುತ್ತೇನೆ."

ಬೇರೆಯವರು ಸೀರೆ ಹೇಳಿಕೊಳ್ಳುತ್ತಾರೆ, ಬೆಳ್ಳಿಯ ಕಣ್ಣು ಹೇಳಿಕೊಳ್ಳುತ್ತಾರೆ. ನನ್ನ ಬಾಯಿಗೆ ಆ ಹೊತ್ತಿಗೆ ಬಂದದ್ದು ಇದು. ಬರಿಸಿದವಳೂ ಅವಳೇ.

ಇವರು ನಡೆದೇ ಬಂದರು. ಮನೆಯ ಮೆಟ್ಟಿಲು ಹತ್ತುವಾಗ ಏದುಸಿರು ಕೂಡ ಬಿಡಲಿಲ್ಲ. ಇನ್ನು ನನ್ನ ಸರದಿ. ಅಮ್ಮನವರ ಪ್ರಸಾದದ ಪೊಟ್ಟಣ ಹಿಡಿದುಕೊಂಡು ಸ್ಟೇಷನ್ ಹತ್ತಿರದ ಪೇಂಟ್ ಅಂಗಡಿಗೆ ಹೋದೆ. ಅಂಗಡಿಯವನು ಬಣ್ಣದ ಚೌಕಗಳ ಪುಸ್ತಕವೊಂದನ್ನು ಬಿಡಿಸಿ ಇಟ್ಟ. ನಾನು ಅದರ ಮೇಲೇ ಪೊಟ್ಟಣ ಬಿಡಿಸಿ ಇಟ್ಟೆ.

"ಇದು ಬೇಕು."

"ಆಂಟೀ, ಇದು ದಾಲಿಗೆ ಹಾಕುವುದಲ್ಲವಾ?"

"ದಾಲಿಗೂ ಹೌದು, ದೇವಿಗೂ ಹೌದು. ಈಗ ಗೋಡೆಗೆ."

ಅವನು ಒಳ್ಳೆಯವನು. ಚಿಟಿಕೆಯಷ್ಟರಲ್ಲಿ ಚೆಂದ ಕಾಣುವ ಬಣ್ಣ ಗೋಡೆಯ ತುಂಬ ಬಂದರೆ ಕಣ್ಣಿಗೆ ಹೊಡೆಯುತ್ತದೆ, ಸ್ವಲ್ಪ ಬಿಳಿ ಸೇರಿಸಿ ಇಳಿಸಿಕೊಡುತ್ತೇನೆ ಎಂದು ಮತ್ತೆ ಮತ್ತೆ ಹೇಳಿದ. "ಅಮ್ಮನವರ ಬಣ್ಣ ಇಳಿಸಲು ನಾನೂ ನೀನೂ ಯಾರಪ್ಪ?" ಎಂದೆ. ಇಳಿಸಲಿಲ್ಲ.

ಬಣ್ಣ ಬಳಿದು ಮುಗಿದ ದಿನ ನಮ್ಮವರು ವಾಕಿಂಗ್ ಮುಗಿಸಿ ಬಂದು ಗೇಟಿನಲ್ಲೇ ನಿಂತುಬಿಟ್ಟರು. ಕೈ ಎದೆಯ ಮೇಲೆ ಹೋಯಿತು. ನಾನು ಓಡಿಹೋದೆ.

"ಎದೆ ನೋವಾ?"

"ಅಲ್ಲ ಮಾರಾಯ್ತಿ. ಏನಾದರೂ ದೊಡ್ಡ ಸುದ್ದಿ ಇದ್ದರೆ ನನ್ನನ್ನು ಕೂರಿಸಿ ನಿಧಾನಕ್ಕೆ ಹೇಳಬೇಕು ಅಂತ ಡಾಕ್ಟರು ನಿನಗೆ ಹೇಳಿರಲಿಲ್ಲವಾ?"

ಎದುರುಮನೆಯ ಕಾಮಾಲೆ

ನಮ್ಮದು ಸಾಲುಮನೆ, ಇಲ್ಲಿನವರು ರೋ ಹೌಸ್ ಅನ್ನುತ್ತಾರೆ. ಒಂದಕ್ಕೊಂದು ಗೋಡೆ ಅಂಟಿಕೊಂಡ ಮನೆಗಳು, ನಡುವೆ ಸಣ್ಣ ಬೀದಿ, ಎದುರಿಗೆ ಅಂಥದ್ದೇ ಇನ್ನೊಂದು ಸಾಲು. ನಮ್ಮ ಎದುರುಮನೆಯಲ್ಲಿ ಒಬ್ಬರು ಗುಜರಾತಿ ಕಾಕಾ. ಬೆಳಗಾದರೆ ಬಿಳಿ ಬನಿಯನ್ ತೊಟ್ಟು ವರಾಂಡದ ಉಯ್ಯಾಲೆಯಲ್ಲಿ ಕೂತು, ಪೇಪರ್ ಓದುತ್ತ, ಕಡಲೆಹಿಟ್ಟಿನ ಕುರುಕಲು ಗಾಂಠಿಯಾ ಒಂದು ತಟ್ಟೆ ಮುಗಿಸುವುದು ಅವರ ನಿತ್ಯಕರ್ಮ.

ಬೆಳಗಿನ ಬಿಸಿಲು ನೇರ ನಮ್ಮ ಗೋಡೆಗೆ ಬೀಳುತ್ತದೆ. ಅಲ್ಲಿಂದ ಎದ್ದು ಕಾಕಾನ ಮುಖಕ್ಕೆ. ಇದು ಆಮೇಲೆ ಗೊತ್ತಾದ ವಿಚಾರ. ಮೊದಲು ಗೊತ್ತಾದದ್ದು, ಕಾಕಾನಿಗೆ ಕಾಮಾಲೆ ಆಗಿದೆ ಎಂದು. ಅವರ ಹೆಂಡತಿ ಚಹಾ ತಂದವರು ಗಂಡನ ಮುಖ ನೋಡಿ ಕೂಗಿಕೊಂಡರಂತೆ. ಕಣ್ಣು ಹಳದಿ, ಉಗುರು ಹಳದಿ, ಬನಿಯನ್ ಕೂಡ ಹಳದಿ. ಡಾಕ್ಟರ ಹತ್ತಿರ ಓಡಿದರು. ಅಲ್ಲಿ ನೋಡಿದರೆ ಮನುಷ್ಯ ಬೆಳ್ಳಗೆ ಕೂತಿದ್ದಾನೆ. ರಕ್ತ ತೆಗೆದು ನೋಡಿದರು, ಸರಿಯಾಗಿದೆ. ಮನೆಗೆ ಬಂದು ಉಯ್ಯಾಲೆಯಲ್ಲಿ ಕೂತರೆ ಮತ್ತೆ ಹಳದಿ. "ಬಂದು ಹೋಗಿ ಮಾಡುವ ಕಾಮಾಲೆ ಬಹಳ ಅಪಾಯ" ಎಂದು ಕಾಕಿ ಎಣ್ಣೆಯ ಡಬ್ಬಕ್ಕೆ ಬೀಗ ಹಾಕಿದರು. ಗಾಂಠಿಯಾ ಬಂದ್. ಮೂರು ಹೊತ್ತೂ ಸಪ್ಪೆ ಖಿಚಡಿ.

ಹೀಗಿರುವಾಗ ಸೂರತ್‌ನಿಂದ ಕಾಕಿಯ ತಮ್ಮ ಬಂದ. ಬಂದವನು ಭಾವನ ಪಕ್ಕದಲ್ಲಿ ಉಯ್ಯಾಲೆಯಲ್ಲಿ ಕೂತ. ಕಾಕಿ ನೋಡುತ್ತಾರೆ, ತಮ್ಮನೂ ಹಳದಿ! "ಅಂಟಿಕೊಂಡಿತು!" ಎಂದು ಅವರು ತಮ್ಮನನ್ನು ರಟ್ಟೆ ಹಿಡಿದು ಒಳಗೆ ಎಳೆದರು. ಒಳಗೆ ಬರುತ್ತಲೇ ಅವನು ವಾಸಿಯಾದ. ಆಗ ಮನೆಮಂದಿಯೆಲ್ಲ ಮೆಲ್ಲಗೆ ನಮ್ಮ ಗೋಡೆಯ ಕಡೆ ತಿರುಗಿದರು.

ಕಾಕಾ ಬೀದಿ ದಾಟಿ ಬಂದರು. "ಬೆಹೆನ್, ನಿಮ್ಮ ಗೋಡೆ ನನ್ನ ಗಾಂಠಿಯಾ ತಿಂದಿತು."

"ಕಾಕಾ, ನಿಮ್ಮ ಹೊಟ್ಟೆ ಇಳಿದಿದೆಯೋ ಇಲ್ಲವೋ ಹೇಳಿ."

ಅವರು ಬಗ್ಗಿ ನೋಡಿಕೊಂಡರು. "ಇಳಿದಿದೆ."

"ಹಾಗಾದರೆ ಅಮ್ಮನವರಿಗೆ ಕೈಮುಗಿಯಿರಿ."

ಗೋಡೆಗೆ ಎದುರಾಗಿ ಕೈಮುಗಿದರು. ಭಕ್ತಿಗೋ ಬಣ್ಣದ ಪ್ರಖರತೆಗೋ ಹೇಳಲಾರೆ, ಕಣ್ಣು ಮಾತ್ರ ಗಟ್ಟಿಯಾಗಿ ಮುಚ್ಚಿದ್ದರು.

ಸೆಕ್ರೆಟರಿ ಬಂದರು

ಸೊಸೈಟಿಯ ಸೆಕ್ರೆಟರಿ ಮರಾಠಿಯವರು, ಸಾಲಿನ ಆ ತುದಿಯ ಮನೆ. ನನ್ನನ್ನು ವಹಿನಿ, ಅಂದರೆ ಅತ್ತಿಗೆ, ಎಂದೇ ಕರೆಯುವುದು. ಅಷ್ಟು ಮರ್ಯಾದೆಯವರು. ನನಗೆ ಅವರು ಭಾವೂಜಿ, ಅಂದರೆ ಮೈದುನ. ಕಪ್ಪು ಕನ್ನಡಕ ಹಾಕಿಕೊಂಡು ಬಂದು ಕುರ್ಚಿಯ ತುದಿಯಲ್ಲಿ ಕೂತರು.

"ವಹಿನಿ, ನಮ್ಮ ಸೊಸೈಟಿಯ ಮನೆಗಳಿಗೆಲ್ಲ ಒಂದೇ ಬಣ್ಣ. ಕ್ರೀಮ್."

"ಕ್ರೀಮ್ ಬಣ್ಣ ಅಂತ ಒಂದಿದೆಯಾ ಭಾವೂಜಿ? ಬಿಳಿ ಬಣ್ಣ ಕೊಳೆಯಾದರೆ ಹಾಗೆ ಕಾಣುತ್ತದೆ ಅಂದುಕೊಂಡಿದ್ದೆ."

ಅವರು ನಗಲಿಲ್ಲ. ಬೀದಿಯವರಿಗೆ ಕಣ್ಣು ಕುಕ್ಕುತ್ತಿದೆ, ದೂರು ಬಂದಿದೆ, ಕಮಿಟಿಯಲ್ಲಿ ಮಾತಾಗಿದೆ. ನವರಾತ್ರಿಗೆ ಮುಂಚಿನ ಭಾನುವಾರ ಕಮಿಟಿಯವರು ನೋಡಲು ಬರುತ್ತಾರೆ. ಅಷ್ಟರಲ್ಲಿ ಮನೆ ಕಣ್ಣಿಗೆ ತಂಪಾಗಿರಬೇಕು. ಇಲ್ಲವಾದರೆ ದೀಪಾವಳಿಗೆಂದು ತರಿಸುವ ಕ್ರೀಮ್ ಬಣ್ಣ ಮೊದಲು ಬೀಳುವುದು ನಮ್ಮ ಗೋಡೆಗೆ.

ನಾನು ಅವರಿಗೆ ಹರಕೆಯ ಕಥೆ ಹೇಳಿದೆ. ನಮ್ಮವರನ್ನು ಕರೆದು ಅಂಗಿಯ ಗುಂಡಿ ಬಿಚ್ಚಿಸಿ ಎದೆಯ ಹೊಲಿಗೆ ತೋರಿಸಿದೆ. ಸೆಕ್ರೆಟರಿಯ ಕನ್ನಡಕದ ಕೆಳಗಿಂದ ನೀರು ಇಳಿಯಿತು. ಒರೆಸಿಕೊಂಡು, "ಆದರೂ ರೂಲ್ ರೂಲೇ ವಹಿನಿ" ಎಂದರು.

ನಮ್ಮ ಮಗಳು ಅಂಧೇರಿಯಲ್ಲಿ ಕೆಲಸ ಮಾಡುವವಳು. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವಾಗ ಮಾತ್ರ ಲೋಕಲ್ ಟ್ರೈನಿನ ಡಬ್ಬಿಯ ಹಾಗೆ ಎಲ್ಲ ಭಾಷೆಯೂ ನುಗ್ಗಿಕೊಂಡು ಬರುತ್ತದೆ. ಅಲ್ಲೇ ಕೂತಿದ್ದವಳು ಮೊಬೈಲ್ ನೋಡಿ ಹೇಳಿದಳು: "ಅಮ್ಮಾ, ಕಲರ್ ಚೇಂಜ್ ಮಾಡೋದು ಜರೂರತ್ ಇಲ್ಲ. ಬ್ರೈಟ್ ಗೋಡೆ ಮುಂದೆ ಗಿಡ ಹಾಕು, ಕಿಟಕಿಗೆ ವೈಟ್ ಬಾರ್ಡರ್ ಕೊಡು. ಅಪ್ನೇ ಆಪ್ ಸಾಫ್ಟ್ ಕಾಣತ್ತೆ."

ಅಮ್ಮನವರೇ ಮಗಳ ಬಾಯಲ್ಲಿ ಬಂದು ಹೇಳಿದ ಹಾಗಾಯಿತು. ಸೆಕ್ರೆಟರಿಗೆ ಹೇಳಿಬಿಟ್ಟೆ: "ತಾಯಿಗೆ ಹಚ್ಚಿದ್ದನ್ನು ಒಂದು ಉಗುರಿನಷ್ಟೂ ಒರೆಸುವುದಿಲ್ಲ. ಬೇಕಾದರೆ ಮೈಗೆ ಹಸಿರು ಸೀರೆ ಉಡಿಸುತ್ತೇನೆ. ನೀವು ನೋಡಿ, ಕಣ್ಣು ತಂಪಾಗದಿದ್ದರೆ ಆಮೇಲೆ ಮಾತು."

ಅವರು ಹೊರಟರು. ಬಂದಾಗಿನಿಂದ ಹಾಕಿಕೊಂಡೇ ಇದ್ದ ಕಪ್ಪು ಕನ್ನಡಕವನ್ನು ನಮ್ಮ ಗೇಟು ದಾಟಿದ ಮೇಲೆ ತೆಗೆದರು. ಅವತ್ತು ಬೆಳಗಿನಿಂದ ಮೋಡ ಕವಿದಿತ್ತು.

ಬಾಳೆಗಿಡ

ಮೊದಲು ಬಾಳೆ ನೆಟ್ಟೆ. ಅದರಷ್ಟು ಅಗಲದ ಹಸಿರು ಎಲೆ ಬೇರೆ ಯಾವುದಕ್ಕಿದೆ? ಬೊರಿವಲಿಯ ನರ್ಸರಿಯಿಂದ ಆಳೆತ್ತರದ ಗಿಡಗಳನ್ನೇ ರಿಕ್ಷಾದಲ್ಲಿ ತಂದು, ಗೇಟಿನ ಆಚೆಗೊಂದು ಈಚೆಗೊಂದು ನೆಟ್ಟು, ಮಾವಿನೆಲೆಯ ತೋರಣವನ್ನೂ ಕಟ್ಟಿದೆ. ಹಳದಿಯ ಕಾವು ಎಷ್ಟೋ ಇಳಿಯಿತು. ನಾನು ಮರೆತದ್ದು ಒಂದೇ: ಪಕ್ಕದ ಬೀದಿಯಲ್ಲಿ ಮದುವೆ ಹಾಲ್ ಇದೆ.

ಮೇ ತಿಂಗಳ ಶನಿವಾರ. ಬಾಗಿಲು ತೆರೆದರೆ ಎದುರಿಗೆ ಜರತಾರಿ ಸೀರೆಗಳು, ತಲೆಗೆ ಪೇಟ ಸುತ್ತಿದ ಗಂಡಸರು, ಒಬ್ಬರು ಅಜ್ಜಿ. ನಗುತ್ತ ಒಳಗೆ ಬಂದು ಕೂತರು. ಆಪರೇಷನ್ ಆದ ನಂತರ ನಮ್ಮವರನ್ನು ನೋಡಲು ಹೋಟೆಲಿನ ಪರಿಚಯದವರು ಬರುತ್ತಲೇ ಇದ್ದರು. ಇವರೂ ಆ ಕಡೆಯವರು ಎಂದು ನಾನು. ನನ್ನ ಭಜನೆಯ ಕಡೆಯವರು ಎಂದು ನಮ್ಮವರು. ಬಾಗಿಲಿಗೆ ಬಂದವರನ್ನು ಯಾರು ಎಂದು ಕೇಳುವ ಕ್ರಮ ನಮ್ಮಲ್ಲಿಲ್ಲ. ನಾನು ನೀರುದೋಸೆ ಹೊಯ್ಯಲು ಹೋದೆ, ಇವರು ಕಾಫಿ ಸೋಸಲು ನಿಂತರು.

ತಿಂದು ಮುಗಿಸಿದ ಅಜ್ಜಿ ಕೇಳಿದರು: "ಹುಡುಗಿ ಎಲ್ಲಿ?"

ನಮ್ಮವರು ಕಾಫಿ ಪಾತ್ರೆ ಹಿಡಿದೇ ಅಡಿಗೆಮನೆಗೆ ಓಡಿ ಬಂದರು. "ಹೆಣ್ಣು ನೋಡಲು ಬಂದಿದ್ದಾರೆ! ನನಗೊಂದು ಮಾತು ಹೇಳಬಾರದಾ?"

"ನಿಮ್ಮ ಕಡೆಯವರಲ್ಲವಾ? ನೀವು ಹೇಳಬೇಕಿತ್ತು!"

ಇಬ್ಬರೂ ತುಳುವಿನಲ್ಲಿ ಪಿಸುಪಿಸು ಜಗಳ ಮಾಡುತ್ತಿರುವಾಗಲೇ ಮಗಳು ಜಿಮ್ ಮುಗಿಸಿ ಬಂದಳು. ಮೊಣಕಾಲವರೆಗಿನ ಚಡ್ಡಿ, ಕಿವಿಯಲ್ಲಿ ಇಯರ್‌ಫೋನ್, ಕೈಯಲ್ಲಿ ಅರ್ಧ ತಿಂದ ವಡಾಪಾವ್. ನಾನು ಬೆನ್ನಿಗೆ ಒಂದು ಚಿವುಟಿ, "ಅಜ್ಜಿಯ ಕಾಲಿಗೆ ಬೀಳು" ಎಂದೆ. ಬಿದ್ದಳು.

ಅಜ್ಜಿ ಅವಳ ಗಲ್ಲ ಹಿಡಿದು ಮೇಲಿನಿಂದ ಕೆಳಗೆ ನೋಡಿದರು. "ಚೆಂದ ಇದ್ದಾಳೆ. ಆದರೆ ಮಗಳೇ, ಮುಹೂರ್ತಕ್ಕೆ ಇನ್ನು ಅರ್ಧ ಗಂಟೆ ಇಲ್ಲ. ಸೀರೆ ಯಾವಾಗ ಉಡುತ್ತೀ?"

"ಕಿಸ್ ಕಾ ಮುಹೂರ್ತ?" ಎಂದಳು ನಮ್ಮವಳು.

"ನಿನ್ನದೇ!"

ಅದೇ ಹೊತ್ತಿಗೆ ಪಕ್ಕದ ಬೀದಿಯಲ್ಲಿ ಬ್ಯಾಂಡು ಶುರುವಾಯಿತು. ಎಲ್ಲರೂ ಕಿವಿಗೊಟ್ಟರು. ಪೇಟದವರೊಬ್ಬರು ಹೊರಗೆ ಹೋಗಿ ಆ ಕಡೆ ನೋಡಿದರು, ನಮ್ಮ ಬಾಳೆ ನೋಡಿದರು, ನಮ್ಮ ಗೋಡೆ ನೋಡಿದರು, ಹಣೆ ಬಡಿದುಕೊಂಡರು. ಜರತಾರಿ ಸೀರೆಗಳೆಲ್ಲ ಎದ್ದು ಓಡಿದವು. ಅಜ್ಜಿ ಮಾತ್ರ ಕೂತಲ್ಲಿಂದ ಅಲುಗಲಿಲ್ಲ.

"ಅಲ್ಲಿ ಊಟಕ್ಕೆ ಹೇಗೂ ಸಾಲು ನಿಲ್ಲಬೇಕು. ಇನ್ನೊಂದು ದೋಸೆ ಇದೆಯಾ?"

ಕಾವಿ ಪಟ್ಟೆ

ಬಾಳೆ ಕೀಳಿಸು ಎಂದರು ನಮ್ಮವರು. ಶುಭ ಕಾರ್ಯಕ್ಕೆ ಹೊರಟ ನಾಲ್ಕು ಜನ ನಮ್ಮ ಬಾಗಿಲಿಗೆ ಬಂದು ಉಂಡು ಹೋದರೆ ಅದರಲ್ಲಿ ಕೀಳಿಸುವಂಥದ್ದು ಏನಿದೆ? ಬಾಳೆ ಉಳಿಯಿತು. ಮುಂದಿನ ಕೆಲಸ, ಮಗಳು ಹೇಳಿದ ಬಿಳಿ ಅಂಚು.

ಕಿಟಕಿಯ ಸುತ್ತ ಬಿಳಿ ಬಂದದ್ದೇ ಮನೆಗೊಂದು ಕಳೆ ಬಂತು, ನಿಜ. ಕಂಪೌಂಡಿನ ಗಿಡ್ಡ ಗೋಡೆಯನ್ನೂ ಅವಳು ಬಿಳಿ ಮಾಡಿಸಿದಳು. ಅದು ನನಗೆ ಬೋಳು ಅನ್ನಿಸಿತು. ಅವಳು ಕೆಲಸಕ್ಕೆ ಹೋದ ಮೇಲೆ ನಾನೇ ಕೂತು ಬಿಳಿಯ ನಡುನಡುವೆ ಕಾವಿಯ ಪಟ್ಟೆ ಎಳೆದೆ. ಒಂದು ಬಿಳಿ, ಒಂದು ಕೆಂಪು, ಒಂದು ಬಿಳಿ, ಒಂದು ಕೆಂಪು. ಕೈ ತಾನಾಗಿ ಎಳೆಯಿತು. ಎದ್ದು ನಿಂತು ನೋಡಿದೆ, ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸಿತು, ಎಲ್ಲಿ ಎಂದು ಹೊಳೆಯಲಿಲ್ಲ.

ಸಂಜೆ ಮಗಳು ಗೇಟಿನಲ್ಲೇ ನಿಂತಳು. "ಅಮ್ಮಾ! ಇದು ಟೆಂಪಲ್!"

ಹೌದು. ನಮ್ಮ ಕಡೆಯ ದೇವಸ್ಥಾನಗಳ ಸುತ್ತಿನ ಪೌಳಿಗೋಡೆ ಇರುವುದೇ ಹೀಗೆ. ಹಳದಿ ಗೋಡೆ, ಬಾಳೆ, ತೋರಣ, ಮೊದಲಿನಿಂದಿದ್ದ ತುಳಸಿ, ಈಗ ಪಟ್ಟೆ. ದಾರಿಹೋಕರು ನಿಂತು ಕೈಮುಗಿಯಲು ಶುರುಮಾಡಿದರು. ತಮಿಳು ಹೆಂಗಸೊಬ್ಬರು ಒಳಗೆ ಯಾವ ದೇವರು ಎಂದು ಕೇಳಿದರು. ನಾನು ಒಳಗೆ ಇಣುಕಿದೆ. ನಮ್ಮವರು ಲುಂಗಿಯಲ್ಲಿ ಟಿವಿ ನೋಡುತ್ತಿದ್ದರು. "ಎಲ್ಲರೊಳಗೂ ಅವನೇ ಅಲ್ಲವಾ ಅಮ್ಮ" ಎಂದೆ. ಅವರಿಗೆ ಸಮಾಧಾನವಾಗಿ ಪ್ರದಕ್ಷಿಣೆಗೆ ಹೊರಟರು. ಆದರೆ ಸಾಲುಮನೆಯಲ್ಲಿ ಒಂದೇ ಮನೆಗೆ ಸುತ್ತು ಬರುವುದು ಹೇಗೆ? ಆ ಪುಣ್ಯಾತ್ಗಿತ್ತಿ ಇಡೀ ಸಾಲಿಗೇ ಸುತ್ತು ಬಂದರು. ಸೆಕ್ರೆಟರಿ ತಮ್ಮ ಹಿತ್ತಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದವರು, ಕೈಮುಗಿದು ಸ್ತೋತ್ರ ಹೇಳುತ್ತ ಹಾದುಹೋದ ಹೆಂಗಸನ್ನು ನೋಡಿ ಬ್ರಷ್ ಕೆಳಗೆ ಹಾಕಿದರಂತೆ.

ಪಟ್ಟೆ ಅಳಿಸು ಎಂದು ಮಗಳು, ಅಳಿಸುವುದಿಲ್ಲ ಎಂದು ನಾನು. ನಮ್ಮವರು ಯಾರ ಪಕ್ಷವನ್ನೂ ವಹಿಸಲಿಲ್ಲ. ಆದರೆ ಒಂದು ಬೆಳಿಗ್ಗೆ ವಾಕಿಂಗಿಗೆ ಹೊರಟವರು ಬರಿಗಾಲಲ್ಲಿ ವಾಪಸು ಬಂದರು.

"ನಿನ್ನ ಮಗಳು ಹೇಳಿದ್ದು ನಿಜ. ಇದು ದೇವಸ್ಥಾನವೇ. ಬಾಗಿಲಲ್ಲಿ ಬಿಟ್ಟಿದ್ದ ನನ್ನ ಹೊಸ ಚಪ್ಪಲಿ ಕಳವಾಗಿದೆ."

ಚೀಲ ತುಂಬ ಇನ್‌ಸ್ಪೆಕ್ಷನ್

ಮಳೆ ಹಿಡಿಯಿತು. ಗೋಡೆಯ ಬುಡಕ್ಕೆ ನಂದಿಬಟ್ಟಲು, ದಾಸವಾಳ ಹಾಕಿದ್ದೆ. ಹಳದಿಯ ಮುಂದೆ ಬಿಳಿ ಹೂ, ಕೆಂಪು ಹೂ ನಿಂತರೆ ಕಣ್ಣು ಹೂವಿಗೆ ಹೋಗುತ್ತದೆ, ಗೋಡೆಗಲ್ಲ. ಲೆಕ್ಕಾಚಾರ ಸರಿಯಾಗಿಯೇ ಇತ್ತು. ಸಂಜೆ ನೋಡಿದರೆ ಗಿಡದ ತುಂಬ ಮೊಗ್ಗು. ಬೆಳಿಗ್ಗೆ ನೋಡಿದರೆ ಬರೀ ಎಲೆ.

ಮುಂಬಯಿಯಲ್ಲಿ ಬೆಳಗಿನ ವಾಕಿಂಗ್ ಅಂದರೆ ಅರ್ಧ ಆರೋಗ್ಯಕ್ಕೆ, ಅರ್ಧ ಹೂವಿಗೆ. ನಾನು ಸುಮ್ಮನಿದ್ದೆ. ಯಾವ ಮನೆಯ ದೇವರ ತಲೆಗೆ ಹೋದರೂ ಹೂ ದೇವರದ್ದೇ. ಆದರೆ ಒಂದು ಸಂಜೆ ಸೆಕ್ರೆಟರಿ ಗೇಟಿನಾಚೆಯಿಂದಲೇ ತಲೆ ಅಲ್ಲಾಡಿಸಿದರು. "ಗಿಡ ಹಾಕಿದ್ದೀರಿ ವಹಿನಿ, ಸರಿ. ಹೂವೇ ಇಲ್ಲವಲ್ಲ. ಗೋಡೆ ಹಾಗೇ ಹೊಡೆಯುತ್ತಿದೆ. ಕಮಿಟಿ ಒಪ್ಪುವುದು ಕಷ್ಟ."

ಇದಾದ ಮೇಲೆ ನಾನು ಸುಮ್ಮನಿರುವ ಹಾಗಿರಲಿಲ್ಲ. ಮರುದಿನ ಬೇಗ ಎದ್ದು ಜಪಮಾಲೆ ಹಿಡಿದು ವರಾಂಡದಲ್ಲಿ ಕೂತೆ. ಬೆಳಕು ಹರಿಯುವ ಹೊತ್ತಿಗೆ ರೇನ್‌ಕೋಟಿನ ಟೋಪಿಯಿಂದ ಮುಖ ಮುಚ್ಚಿಕೊಂಡ ಒಬ್ಬರು ಬಂದರು. ಕೊಡೆಯ ಹಿಡಿಯಿಂದ ದಾಸವಾಳದ ಕೊಂಬೆ ಬಾಗಿಸಿದರು. ಮೇಲಿನ ಕೊಂಬೆ ಎಟಕಲಿಲ್ಲ. ಪಾಪ, ಕುಣಿಯುತ್ತಿದ್ದರು. ನನಗೆ ನೋಡಲಾಗಲಿಲ್ಲ. ಮೆಲ್ಲಗೆ ಹೋಗಿ ಕೊಂಬೆ ಹಿಡಿದು ಬಗ್ಗಿಸಿಕೊಟ್ಟೆ.

"ತೆಗೆದುಕೊಳ್ಳಿ ಭಾವೂಜಿ."

ಸೆಕ್ರೆಟರಿ ಕಲ್ಲಾದರು. "ವಹಿನಿ... ನಾನು... ಇನ್‌ಸ್ಪೆಕ್ಷನ್‌ಗೆ..."

"ಹೌದಲ್ಲ. ಚೀಲ ತುಂಬ ಇನ್‌ಸ್ಪೆಕ್ಷನ್ ಆಗಿದೆ."

ಅವರು ಸ್ವಲ್ಪ ಸುಧಾರಿಸಿಕೊಂಡು, "ದೇವರ ಪೂಜೆಗೆ ಕೊಯ್ದರೆ ಅದು ಕಳ್ಳತನ ಅಲ್ಲ, ಅಲ್ಲವಾ?" ಎಂದರು.

"ಖಂಡಿತ ಅಲ್ಲ. ಗಿಡ ನನ್ನದಾದ್ದರಿಂದ ಪೂಜೆಯ ಪುಣ್ಯ ನನಗೆ ಬರುತ್ತದೆ. ಮಳೆಯಲ್ಲಿ ನೆನೆಯುವ ಕೆಲಸ ಮಾತ್ರ ನಿಮ್ಮದು."

ಭಾನುವಾರ

ಎಲ್ಲಕ್ಕಿಂತ ಜೋರಾಗಿ ಬಂದದ್ದು ಮಧುಮಾಲತಿಯ ಬಳ್ಳಿ. ಮುಂಬಯಿಯ ಮಳೆ ಕುಡಿದು ಅದು ಸೊಕ್ಕಿತು. ಕಿಟಕಿ ದಾಟಿ, ಸಜ್ಜ ದಾಟಿ ತಾರಸಿಗೆ ಏರಿತು. ಮಳೆ ನಿಲ್ಲುವ ಹೊತ್ತಿಗೆ ಇಡೀ ಮನೆ ಹಸಿರು, ಮೇಲೆ ಗುಲಾಬಿ ಬಣ್ಣದ ಗೊಂಚಲು.

ಶನಿವಾರ ಸಂಜೆ ಸೆಕ್ರೆಟರಿ ಬೀದಿಯಿಂದಲೇ ಕೂಗಿ ಹೇಳಿದರು: "ವಹಿನಿ, ಗೆದ್ದಿರಿ! ಬಣ್ಣ ಕಾಣುವುದೇ ಇಲ್ಲ! ನಾಳೆ ಕಮಿಟಿ ಒಂದೇ ನಿಮಿಷದಲ್ಲಿ ಪಾಸ್ ಮಾಡುತ್ತದೆ!"

ಎಲ್ಲರೂ ಖುಷಿಪಟ್ಟರು. ನಾನು ದೀಪ ಹಚ್ಚಿ, ಬೀದಿಗೆ ಇಳಿದು, ತಿರುಗಿ ನೋಡಿದೆ. ಬಣ್ಣ ನಿಜಕ್ಕೂ ಕಾಣುತ್ತಿರಲಿಲ್ಲ. ಸೀರೆ ಉಡಿಸುತ್ತೇನೆ ಎಂದು ಹೇಳಿ ತಾಯಿಯ ಮುಖಕ್ಕೇ ಸೆರಗು ಎಳೆದುಬಿಟ್ಟಿದ್ದೆ.

"ಬಿಡು ಮಾರಾಯ್ತಿ, ಪಾಸಾಯಿತಲ್ಲ" ಎಂದರು ನಮ್ಮವರು.

"ಅರಸಿನ ಹಚ್ಚುತ್ತೇನೆ ಅಂತ ಬೇಡಿಕೊಂಡದ್ದು. ಹಚ್ಚಿ ಅಡಗಿಸುತ್ತೇನೆ ಅಂತ ಅಲ್ಲ. ಅವಳು ನಿಮ್ಮನ್ನು ಪೂರ್ತಿ ಕೊಟ್ಟಿದ್ದಾಳೆ. ನಾನು ಕದ್ದುಮುಚ್ಚಿ ಕೊಡಲಾ?"

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಆರತಿ ಮುಗಿಸಿ, ಗಿಡ ಕತ್ತರಿಸುವ ಕತ್ತರಿ ಹಿಡಿದು ಸ್ಟೂಲ್ ಹತ್ತಿದೆ. ನಮ್ಮವರು ಕೆಳಗೆ ಸ್ಟೂಲ್ ಹಿಡಿದರು. ಬಾಗಿಲ ಮೇಲೆ ಕಮಾನಿನಷ್ಟು, ಕಿಟಕಿಯ ಪಕ್ಕಕ್ಕೆ ಒಂದು ಜಡೆಯಷ್ಟು ಬಳ್ಳಿ ಉಳಿಸಿ ಮಿಕ್ಕಿದ್ದನ್ನು ಕೆಡವಿದೆ. ಎಲೆಯ ಮರೆಯಿಂದ ಹಳದಿ ಮುಖ ತೊಳೆದ ಹಾಗೆ ಹೊರಗೆ ಬಂತು.

ಮಗಳು ನಿದ್ದೆಗಣ್ಣಲ್ಲಿ ಓಡಿಬಂದಳು. "ಅಮ್ಮಾ, ಕಮಿಟಿ ಆ ರಹೀ ಹೈ! ಅವರು ಹೋದ ಮೇಲೆ ಕಟ್ ಮಾಡೋದಲ್ವಾ?"

"ಅವರು ನೋಡುವ ಮೊದಲೇ ಮಾಡಬೇಕು. ಆಮೇಲೆ ಮಾಡಿದರೆ ಮೋಸ."

ಕಮಿಟಿ ಬಂದೇಬಿಟ್ಟಿತು. ಸೆಕ್ರೆಟರಿ, ವಯಸ್ಸಾದ ಚೇರ್ಮನ್, ಟ್ರೆಶರರ್, ಜೊತೆಗೆ ದೇವರು ದಿಂಡರು ಸುಳ್ಳು ಎಂದು ವಾದ ಮಾಡುವ ರಿಟೈರ್ಡ್ ಮಾಸ್ತರು. ನಿಯಮದ ಪ್ರಕಾರ ಎಂದು ಕ್ರೀಮ್ ಬಣ್ಣದ ಒಂದು ಡಬ್ಬವನ್ನೂ ಹೊತ್ತು ತಂದು ಗೇಟಿನ ಒಳಗೆ ಇಟ್ಟರು. ಇಟ್ಟು ತಲೆ ಎತ್ತಿದ ಸೆಕ್ರೆಟರಿಯ ಬಾಯಿ ತೆರೆದೇ ಉಳಿಯಿತು.

"ವಹಿನಿ! ನಿನ್ನೆ ಇತ್ತಲ್ಲ ಹಸಿರು!"

"ಇತ್ತು. ತೆಗೆದೆ."

"ಯಾಕೆ?"

"ನೀವು ತಂಪು ಮಾಡಿ ಅಂದಿರಿ, ಮಾಡಿದ್ದೇನೆ. ಬಾಳೆ ಇದೆ, ಹೂವಿದೆ, ಬಿಳಿ ಅಂಚಿದೆ. ಮುಚ್ಚಿ ಅಂತ ನೀವು ಹೇಳಲಿಲ್ಲ, ಹೇಳಿದ್ದರೆ ನಾನು ಕೇಳುತ್ತಲೂ ಇರಲಿಲ್ಲ."

ಟ್ರೆಶರರ್ ಗಂಟಲು ಸರಿಮಾಡಿಕೊಂಡರು. "ಹಾಗಾದರೆ ಕ್ರೀಮ್ ಹಚ್ಚಬೇಕಾಗುತ್ತದೆ."

"ಹಚ್ಚಿ. ನಾನು ಅಡ್ಡ ನಿಲ್ಲುವುದಿಲ್ಲ, ಕೂಗಾಡುವುದೂ ಇಲ್ಲ. ಆದರೆ ಅದು ಇವರ ಜೀವಕ್ಕೆ ಹೇಳಿಕೊಂಡ ಅರಸಿನ. ಅದನ್ನು ಒರೆಸುವ ಕೆಲಸ ಏನೂ ಗೊತ್ತಿಲ್ಲದ ಪೇಂಟರಿನ ಕೈಯಲ್ಲಿ ಮಾಡಿಸಬೇಡಿ. ಮೊದಲ ಗೆರೆ ನಿಮ್ಮಲ್ಲೇ ಒಬ್ಬರು ಎಳೆಯಿರಿ. ಬ್ರಷ್ ತರುತ್ತೇನೆ."

ಒಳಗೆ ಹೋದೆ. ಯಾರಿಗೇ ಏನೇ ಕೊಡುವುದಾದರೂ ಬರಿಗೈಯಲ್ಲಿ ಕೊಟ್ಟು ನನಗೆ ಅಭ್ಯಾಸವಿಲ್ಲ, ಹರಿವಾಣದಲ್ಲೇ ಇಟ್ಟು ಕೊಡುವುದು. ಕೈಗೆ ಸಿಕ್ಕಿದ್ದು ಬೆಳಗಿನ ಆರತಿಯ ಹರಿವಾಣ. ಅರಸಿನ, ಕುಂಕುಮ, ಒಂದು ದಾಸವಾಳ, ಇನ್ನೂ ಉರಿಯುತ್ತಿದ್ದ ತುಪ್ಪದ ದೀಪ. ಅದರ ನಡುವೆ ಹೊಸ ಪೇಂಟ್ ಬ್ರಷ್ ಇಟ್ಟು ತಂದು ಅವರ ಮುಂದೆ ನಿಂತೆ.

ಚೇರ್ಮನ್ ಮೆಲ್ಲಗೆ ಕೇಳಿದರು: "ದೇವಿಗೆ ಸಿಟ್ಟು ಬರುತ್ತದಾ?"

ಪಾಪ, ವಯಸ್ಸಾದವರು. ಸಮಾಧಾನ ಮಾಡಿದೆ. "ಛೆ ಛೆ, ತಾಯಿಯಲ್ಲವಾ? ಸಿಟ್ಟೇ ಮಾಡುವವಳಲ್ಲ. ನೆನಪಿಟ್ಟುಕೊಳ್ಳುತ್ತಾಳೆ, ಅಷ್ಟೇ."

ಚೇರ್ಮನ್ ಒಂದು ಹೆಜ್ಜೆ ಹಿಂದಕ್ಕೆ ಹೋದರು.

"ನನಗೆ ಇಂಥದ್ದರಲ್ಲೆಲ್ಲ ನಂಬಿಕೆ ಇಲ್ಲ" ಎಂದರು ಮಾಸ್ತರು.

"ಹಾಗಾದರೆ ನೀವೇ ಶುರುಮಾಡಿ ಸರ್!" ಎಂದು ಎಲ್ಲರೂ ಅವರ ಕಡೆ ತಿರುಗಿದರು.

"ನಂಬಿಕೆ ಇಲ್ಲ ಅಂದೆ. ಧೈರ್ಯ ಇದೆ ಅಂದೆನಾ?"

ಕೊನೆಗೆ ನಾನೇ ಹರಿವಾಣವನ್ನು ಸೆಕ್ರೆಟರಿಯ ಮುಂದೆ ಹಿಡಿದೆ. ಅವರು ಬ್ರಷ್ ಕಡೆ ಕೈ ಚಾಚಿದರು. ಚಾಚಿದ ಕೈ ದೀಪದ ಹತ್ತಿರ ಬಂದದ್ದೇ ತಡ, ಹುಟ್ಟಿದಾಗಿನಿಂದ ಗಣಪತಿಯ ಮುಂದೆ ನಿಂತ ಕೈ ಅದು, ತನ್ನ ಪಾಡಿಗೆ ತಾನು ಜ್ವಾಲೆಯ ಮೇಲೆ ಹೋಗಿ, ಅಲ್ಲಿಂದ ಕಣ್ಣಿಗೆ, ಕಣ್ಣಿಂದ ತಲೆಗೆ ಹೋಯಿತು. ಆರತಿ ತೆಗೆದುಕೊಂಡುಬಿಟ್ಟರು! ಅವರು ತೆಗೆದುಕೊಂಡದ್ದು ನೋಡಿ ಚೇರ್ಮನ್ ಕೂಡ ಕೈ ಒಡ್ಡಿದರು. ಟ್ರೆಶರರ್ ಮೊಬೈಲ್ ಜೇಬಿಗೆ ಹಾಕಿ ಎರಡೂ ಕೈ ಚಾಚಿದರು. ಮಾಸ್ತರು ಆಚೆ ಈಚೆ ನೋಡಿ, ಬೇಗ ಬೇಗ ಒಮ್ಮೆ, ಸರಿಯಾಗಿ ಆಗಲಿಲ್ಲವೇನೋ ಎಂದು ಇನ್ನೊಮ್ಮೆ ತೆಗೆದುಕೊಂಡರು. ಹರಿವಾಣ ಒಂದು ಸುತ್ತು ಬಂದು ನನ್ನ ಕೈಗೇ ಮರಳಿತು. ಬ್ರಷ್ ಇಟ್ಟಲ್ಲೇ ಇತ್ತು.

ಆರತಿ ಆದ ಮೇಲೆ ಮನುಷ್ಯರು ತಲೆ ಎತ್ತಿ ದೇವರನ್ನು ನೋಡುತ್ತಾರಲ್ಲ, ಹಾಗೆ ನಾಲ್ವರೂ ಗೋಡೆಯನ್ನು ನೋಡಿದರು. ಬಾಗಿಲ ಮೇಲೆ ಹಸಿರು ಕಮಾನು, ಕಿಟಕಿಗೆ ಬಿಳಿ ಅಂಚು, ಬುಡಕ್ಕೆ ಹೂ, ನಡುವೆ ಅಮ್ಮನವರ ಅರಸಿನ.

"ತಂಪಾಗಿಯೇ ಇದೆಯಲ್ಲ" ಎಂದರು ಚೇರ್ಮನ್.

"ನಾನು ಮೊದಲಿನಿಂದಲೂ ಅದನ್ನೇ ಹೇಳುತ್ತಿದ್ದೆ" ಎಂದರು ಮಾಸ್ತರು.

ಹಾಗೆ ಪಾಸಾಯಿತು. ಎಲ್ಲರೂ ಹೊರಡಲು ತಿರುಗಿದರು. ಸೆಕ್ರೆಟರಿ ಮಾತ್ರ ಎಡಗೈಯ ಮೇಲೆ ಬಲಗೈ ಇಟ್ಟು, ಬೊಗಸೆ ಒಡ್ಡಿ, ಭಕ್ತಿಯಿಂದ ನಿಂತೇ ಇದ್ದರು.

"ವಹಿನಿ, ಪ್ರಸಾದ?"

ಸುತ್ತ ನೋಡಿದೆ. ಕೊಡುವಂಥದ್ದು ಅಂತ ಅಲ್ಲಿ ಇದ್ದದ್ದು ಒಂದೇ. ಅವರೇ ಹೊತ್ತು ತಂದಿದ್ದ ಕ್ರೀಮ್ ಬಣ್ಣದ ಡಬ್ಬವನ್ನು ಎತ್ತಿ, ಕಣ್ಣಿಗೊತ್ತಿಕೊಂಡು, ಅವರ ಕೈಯಲ್ಲಿಟ್ಟೆ.

"ಪ್ರಸಾದ ಬೇಡ ಅನ್ನಬಾರದು ಭಾವೂಜಿ. ಮನೆಗೆ ತೆಗೆದುಕೊಂಡು ಹೋಗಿ ಎಲ್ಲರಿಗೂ ಹಂಚಿ. ನಮಗೊಂದು ಬಿಟ್ಟು."